ಪೈ, ಸಮ, ಮತ್ತೆ ಕಳೆದುಹೋದ ಒಂದು ‘ಕೆ’

(ಮೊನ್ನೆ ಭಾನುವಾರ ನಮ್ಮೂರ ಗ್ರಂಥಾಲಯದ ಮೇಲ್ಮಹಡಿಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಹೆಚ್ಚಿನದನ್ನು ಆಡಿದ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಗಣಿತದ ಮೇಷ್ಟ್ರು ಚರಿತ್ರೆ ಹೇಳೋಕೆ ನಿಂತಿದ್ದಾರಲ್ಲ ಅಂತ ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ಕೇಳಿಸಿತು. ಅನುಮಾನ ಸರಿಯಾದದ್ದೇ. ಹಾಗಾಗಿ ಗಣಿತದಿಂದಲೇ ಶುರುಮಾಡುತ್ತೇನೆ.

ಹೈಸ್ಕೂಲಿನ ಯಾವ ಹುಡುಗನ ನೋಟ್‌ಬುಕ್ಕನ್ನಾದರೂ ತೆರೆಯಿರಿ. ವೃತ್ತದ ಲೆಕ್ಕ ಬಂದ ಕಡೆ ‘ಪೈ ಸಮ 22/7’ ಎಂದು ಬರೆದಿರುತ್ತಾನೆ. ‘ಸಮ’ ಅನ್ನಬಾರದು, ‘ಸುಮಾರು’ ಅನ್ನಬೇಕು. ಆ ಜಗಳ ಇವತ್ತು ಬೇಡ. ಆ ಸಾಲಿನಲ್ಲಿ ಎರಡು ಚಿಹ್ನೆಗಳಿವೆ. 31 ವರ್ಷ ಕರಿಹಲಗೆಯ ಮೇಲೆ ಅವನ್ನು ಬರೆದೆ, ಒರೆಸಿದೆ. ಎರಡನ್ನೂ ಕೊಟ್ಟವರು ಇಂಗ್ಲೆಂಡಿನ ಮಗ್ಗುಲಿನ ವೇಲ್ಸ್ ಎಂಬ ಪುಟ್ಟ ನಾಡಿನವರು ಎಂದು ಗೊತ್ತಾದದ್ದು ಮಾತ್ರ ನಿವೃತ್ತಿಯಾದ ಮೇಲೆ.

ಸಮ ಚಿಹ್ನೆ ಟೆನ್‌ಬಿ ಎಂಬ ಬಂದರೂರಿನ ರಾಬರ್ಟ್ ರೆಕಾರ್ಡ್‌ನದು. ವೃತ್ತಿಯಿಂದ ವೈದ್ಯ. 1557ರಲ್ಲಿ ಬೀಜಗಣಿತದ ಪುಸ್ತಕ ಬರೆಯುವಾಗ ‘ಇದು ಅದಕ್ಕೆ ಸಮ’ ಎಂದು ಮತ್ತೆ ಮತ್ತೆ ಬರೆಯುವುದು ಬೇಸರವಾಗಿ, ಒಂದೇ ಉದ್ದದ ಎರಡು ಸಮಾಂತರ ಗೆರೆ ಎಳೆದ. ಇವಕ್ಕಿಂತ ಸಮನಾದ ಜೋಡಿ ಇನ್ನಾವುದಿದೆ ಎಂಬುದು ಅವನ ವಾದ. ಅವನ ಗೆರೆಗಳು ನಾವು ಎಳೆಯುವುದಕ್ಕಿಂತ ಬಲು ಉದ್ದ. ಮರುವರ್ಷ ಲಂಡನ್ನಿನ ಕಿಂಗ್ಸ್ ಬೆಂಚ್ ಜೈಲಿನಲ್ಲಿ ತೀರಿಕೊಂಡ. ದೊಡ್ಡ ಮನುಷ್ಯನೊಬ್ಬನ ಮೇಲೆ, ಪೆಂಬ್ರೋಕಿನ ಅರ್ಲ್ ಮೇಲೆ, ದೂರು ಹೇಳಿದ್ದ. ಅರ್ಲ್ ಮಾನನಷ್ಟದ ದಾವೆ ಹೂಡಿ ಗೆದ್ದ. ಕಟ್ಟಬೇಕಾಗಿದ್ದದ್ದು 1000 ಪೌಂಡ್. ಆ ಕಾಲದಲ್ಲಿ ಒಬ್ಬ ವೈದ್ಯ ತೀರಿಸುವ ಮೊತ್ತವೇ ಅದು?

ಪೈ ಚಿಹ್ನೆಯನ್ನು ವೃತ್ತಕ್ಕೆ ಕಟ್ಟಿದವನು ವಿಲಿಯಂ ಜೋನ್ಸ್. ಆಂಗಲ್ಸಿ ದ್ವೀಪದ ಸಣ್ಣ ರೈತನ ಮಗ. ಹಡಗಿನಲ್ಲಿ ನಾವಿಕರಿಗೆ ಲೆಕ್ಕ ಹೇಳಿಕೊಡುತ್ತಿದ್ದವನು ಲಂಡನ್ ಸೇರಿ ನ್ಯೂಟನ್ನನ ಗೆಳೆತನ ಗಳಿಸಿದ. 1706ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಆ ಗ್ರೀಕ್ ಅಕ್ಷರ ಈ ಅರ್ಥದಲ್ಲಿ ಮೊದಲ ಸಲ ಕಾಣಿಸಿತು.

ಅವನ ಮಗನ ಹೆಸರೂ ವಿಲಿಯಂ ಜೋನ್ಸೇ. ಈ ನಾಡಿನ ಹೆಸರುಗಳ ಗೋಳು ಒಂದೆರಡಲ್ಲ. ಜೋನ್ಸ್, ವಿಲಿಯಮ್ಸ್, ಇವಾನ್ಸ್ ಬಿಟ್ಟರೆ ಬೇರೆ ಹೆಸರೇ ಇಲ್ಲವೇನೋ ಅನಿಸುತ್ತದೆ. ಹಿಂದೆ ಅವರಲ್ಲಿ ಮನೆತನದ ಹೆಸರಿರಲಿಲ್ಲ, ನಮ್ಮ ಇನಿಷಿಯಲ್ ಥರ ಅಪ್ಪನ ಹೆಸರು ಸೇರಿಸಿಕೊಳ್ಳುತ್ತಿದ್ದರು. ‘ಆಪ್’ ಅಂದರೆ ಮಗ. ಹವೆಲ್‌ನ ಮಗ ಆಪ್ ಹವೆಲ್, ಇಂಗ್ಲಿಷರ ಬಾಯಲ್ಲಿ ಪೊವೆಲ್ ಆದ. ಆಪ್ ರೀಸ್ ಪ್ರೈಸ್ ಆದ, ಆಬ್ ಇವಾನ್ ಬೆವನ್ ಆದ. ಬ್ರಿಟನ್ನಿನಲ್ಲಿ ಎಲ್ಲರಿಗೂ ಪುಕ್ಕಟೆ ವೈದ್ಯಕೀಯ ವ್ಯವಸ್ಥೆಯನ್ನು 1948ರ ಜುಲೈ 5ರಂದು ಶುರುಮಾಡಿದ ಮಂತ್ರಿ, ಗಣಿ ಕೂಲಿಯ ಮಗ, ಉಗ್ಗು ಮಾತಿನ ಅನಾಯ್ರಿನ್ ಬೆವನ್ ಹೆಸರಿನಲ್ಲಿ ಇರುವುದೂ ಇದೇ ‘ಆಬ್’.

ಮಗ ಜೋನ್ಸ್ ನಮಗೆ ಗೊತ್ತಿರುವವನೇ. ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದು, 1784ರಲ್ಲಿ ಏಷಿಯಾಟಿಕ್ ಸೊಸೈಟಿ ಕಟ್ಟಿ, ಕಾಳಿದಾಸನ ಶಾಕುಂತಲವನ್ನು ಇಂಗ್ಲಿಷಿಗೆ ತಂದ ಸರ್ ವಿಲಿಯಂ ಜೋನ್ಸ್. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಎಂದು 1786ರಲ್ಲಿ ಒಂದು ಭಾಷಣದಲ್ಲಿ ಹೇಳಿದವನು. ತಮಿಳು, ತೆಲುಗು, ಕನ್ನಡಗಳದು ಬೇರೆಯೇ ಬಳಗ ಎಂದು ಮದ್ರಾಸಿನಲ್ಲಿ ಎಲ್ಲಿಸ್ ಎಂಬ ಕಂಪನಿ ಅಧಿಕಾರಿ ಬರೆಯಲು ಇನ್ನೂ 30 ವರ್ಷ ಹಿಡಿಯಿತು. ಅದೇ ಭಾಷಣದಲ್ಲಿ ಜೋನ್ಸ್ ಕೆಲ್ಟಿಕ್ ಭಾಷೆಗಳನ್ನೂ ಆ ಸಂಸ್ಕೃತದ ಬಳಗಕ್ಕೆ ಸೇರಿಸಿದ್ದ. ವೇಲ್ಸ್ ಜನರ ಮಾತಾದ ವೆಲ್ಷ್ ಅವುಗಳಲ್ಲಿ ಒಂದು. ಆ ಭಾಷೆಯಲ್ಲಿ ಮೂರಕ್ಕೆ ‘ತ್ರಿ’, ಹಲ್ಲಿಗೆ ‘ದಂತ್’ ಎನ್ನುತ್ತಾರೆ ಎಂದು ಕೇಳಿದಾಗ ನಾನೂ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿದ್ದೆ.

ಅವನ ಬಗ್ಗೆ ಒಂದು ಕತೆಯಿದೆ. ಫ್ರಾನ್ಸಿನ ದೊರೆಗೆ ಅವನನ್ನು ಪರಿಚಯಿಸಿದ ರಾಯಭಾರಿ, ಈತನಿಗೆ ತನ್ನದೊಂದನ್ನು ಬಿಟ್ಟು ಜಗತ್ತಿನ ಎಲ್ಲ ಭಾಷೆಗಳೂ ಬರುತ್ತವೆ ಎಂದನಂತೆ. ತನ್ನದು ಅಂದರೆ ವೆಲ್ಷ್. ತಪ್ಪು ಅವನದಲ್ಲ. ಹುಟ್ಟಿದ್ದು ಲಂಡನ್ನಿನಲ್ಲಿ, ಅಪ್ಪ ತೀರಿಕೊಂಡಾಗ ಮೂರು ವರ್ಷದ ಮಗು.

ಹೊರಗೆ ಹೋಗಿ ಜಗತ್ತಿಗೇ ಬೇಕಾದವರು ಇನ್ನೂ ಅನೇಕರಿದ್ದಾರೆ. ಸಹಕಾರ ಚಳವಳಿಯವರು ಇವತ್ತಿಗೂ ನೆನೆಯುವ ರಾಬರ್ಟ್ ಓವೆನ್ ಇದ್ದಾನೆ. ವೆಲ್ಷ್ ಮನೆಮಾತಿನವನಾಗಿದ್ದೂ ಬ್ರಿಟನ್ನಿನ ಪ್ರಧಾನಿಯಾದ ಲಾಯ್ಡ್ ಜಾರ್ಜ್ ಇದ್ದಾನೆ. ನನಗೆ ಈಚೆಗೆ ಕುತೂಹಲ ಹುಟ್ಟಿಸಿದವರು ಮಾತ್ರ ಮನೆಯಲ್ಲೇ ಉಳಿದವರು. ಅವರಿಲ್ಲದಿದ್ದರೆ ಆ ರಾಯಭಾರಿಯ ಚಟಾಕಿಗೆ ಅರ್ಥವೇ ಇರುತ್ತಿರಲಿಲ್ಲ; ‘ತನ್ನದೊಂದು’ ಅನ್ನುವ ಭಾಷೆಯೇ ಅಷ್ಟು ಹೊತ್ತಿಗೆ ಹೋಗಿಬಿಟ್ಟಿರುತ್ತಿತ್ತು.

ಈ ಉಳಿದವರಲ್ಲಿ ಹಲವರು ವೇಲ್ಸ್‌ನ ನಡುಭಾಗದ ಮಾಂಟ್‌ಗೊಮರಿಶೈರ್ ಮತ್ತು ಅದರ ಅಂಚಿನವರು. ಕುರಿ, ಮಳೆ, ಗುಡ್ಡದ ಸೀಮೆ. ಸೀಮೆಯ ಪಡುವಣ ತುದಿಯ ಮಖನ್‌ಲೆತ್ ಊರಿನಲ್ಲಿ 1404ರಲ್ಲಿ ಓವೈನ್ ಗ್ಲಿನ್‌ಡೂರ್ ತನ್ನ ಸಂಸತ್ತನ್ನು ಸೇರಿಸಿದ. ಇಂಗ್ಲೆಂಡಿನ ದೊರೆಯ ಮೇಲೆ ದಂಗೆಯೆದ್ದವನು. ಯುದ್ಧ ನಡೆಯುತ್ತಿರುವಾಗಲೇ, 1406ರಲ್ಲಿ, ಫ್ರಾನ್ಸಿನ ದೊರೆಗೆ ಬರೆದ ಪತ್ರದಲ್ಲಿ ಉತ್ತರಕ್ಕೊಂದು ದಕ್ಷಿಣಕ್ಕೊಂದು ವಿಶ್ವವಿದ್ಯಾಲಯ ಬೇಕೆಂದು ಸೇರಿಸಿದ್ದಾನೆ. ವೇಲ್ಸ್‌ನ ಅಬೆರಿಸ್ಟ್‌ವಿತ್ ಊರಿನಲ್ಲಿ ವಿಶ್ವವಿದ್ಯಾಲಯದ ಕಾಲೇಜು ಬಾಗಿಲು ತೆರೆದದ್ದು 1872ರಲ್ಲಿ. ನಮ್ಮ ಕಡತಗಳೂ ಅಷ್ಟು ನಿಧಾನವಲ್ಲ ಬಿಡಿ. ಗ್ಲಿನ್‌ಡೂರ್ ಸೋತ, ಆದರೆ ಸಿಕ್ಕಲಿಲ್ಲ. ಎಲ್ಲಿ ಸತ್ತನೆಂದು ಯಾರೂ ಬಾಯಿ ಬಿಡಲಿಲ್ಲ.

1536ರಲ್ಲಿ ವೇಲ್ಸನ್ನು ಇಂಗ್ಲೆಂಡಿಗೆ ಸೇರಿಸಿದ ಕಾಯಿದೆ ಬಂತು. ಕೋರ್ಟು ಇಂಗ್ಲಿಷಿನಲ್ಲೇ ನಡೆಯಬೇಕು, ವೆಲ್ಷ್ ಆಡುವವನಿಗೆ ಸರ್ಕಾರಿ ಹುದ್ದೆ ಇಲ್ಲ. ಅಲ್ಲಿಗೆ ಭಾಷೆಯ ಕತೆ ಮುಗಿಯಬೇಕಿತ್ತು. 1563ರಲ್ಲಿ ಅದೇ ಸಂಸತ್ತು ಬೈಬಲನ್ನು ವೆಲ್ಷ್ ಭಾಷೆಗೆ ತರಬೇಕೆಂದು ಇನ್ನೊಂದು ಕಾಯಿದೆ ಮಾಡಿತು. ಇಂಗ್ಲಿಷ್ ಬಾರದವರಿಗೆ ಹೊಸ ಪ್ರಾಟೆಸ್ಟಂಟ್ ಧರ್ಮ ಮುಟ್ಟುವುದು ಹೇಗೆ ಎಂಬ ಚಿಂತೆ ಅವರಿಗೆ. ಜೊತೆಗೆ ಒಂದು ಷರತ್ತು: ಪ್ರತಿ ಚರ್ಚಿನಲ್ಲೂ ವೆಲ್ಷ್ ಪುಸ್ತಕದ ಪಕ್ಕ ಇಂಗ್ಲಿಷಿನದೂ ಇರಬೇಕು. ಜನ ಎರಡನ್ನೂ ಹೋಲಿಸಿ ಓದಿ ಇಂಗ್ಲಿಷ್ ಕಲಿತಾರು ಎಂಬ ಲೆಕ್ಕ. ಮೇಷ್ಟ್ರಾಗಿ ಹೇಳುತ್ತೇನೆ, ಉತ್ತರ ಹೀಗೆ ಪೂರ್ತಿ ತಲೆಕೆಳಗಾದ ಲೆಕ್ಕ ನಾನು ಕಂಡದ್ದು ಕಡಿಮೆ.

ಮೊದಲು ಹೊಸ ಒಡಂಬಡಿಕೆಯನ್ನು ತಂದವನು ವಿಲಿಯಂ ಸಾಲ್ಸ್‌ಬರಿ, 1567ರಲ್ಲಿ. ಇಲ್ಲೇ ನಮ್ಮ ‘ಕೆ’ ಕಳೆದುಹೋದದ್ದು. ಹಳೆಯ ವೆಲ್ಷ್ ಹಸ್ತಪ್ರತಿಗಳಲ್ಲಿ ರೋಮನ್ ಲಿಪಿಯ ‘ಕೆ’ ಧಾರಾಳವಾಗಿತ್ತು. ಪುಸ್ತಕ ಅಚ್ಚಾಗಬೇಕಾದದ್ದು ಲಂಡನ್ನಿನಲ್ಲಿ. ಇಂಗ್ಲಿಷಿಗೆ ಆ ಅಕ್ಷರ ಅಷ್ಟಾಗಿ ಬೇಡ, ಆದ್ದರಿಂದ ಮುದ್ರಕರ ಪೆಟ್ಟಿಗೆಯಲ್ಲಿ ‘ಕೆ’ ಅಚ್ಚುಮೊಳೆಗಳು ಕೆಲವೇ. ವೆಲ್ಷ್‌ಗೆ ಸಾಲಿಗೆ ನಾಲ್ಕಾರು ಬೇಕು. ಸಾಲ್ಸ್‌ಬರಿ ಎಲ್ಲ ಕಡೆ ‘ಸಿ’ ಹಾಕಿಸಿದ. ಯಾಕೆ ಅಂದವರಿಗೆ, ವೆಲ್ಷ್ ಕೇಳುವಷ್ಟು ‘ಕೆ’ ಮುದ್ರಕರ ಹತ್ತಿರ ಇಲ್ಲ ಎಂದು ಉತ್ತರವನ್ನೂ ಕೊಟ್ಟ. ಇವತ್ತಿಗೂ ವೆಲ್ಷ್ ವರ್ಣಮಾಲೆಯಲ್ಲಿ ‘ಕೆ’ ಇಲ್ಲ. ತಮ್ಮ ನಾಡನ್ನು ‘ಕಮ್ರಿ’ ಎಂದು ಕರೆದುಕೊಳ್ಳುವ ಜನ ಅದನ್ನು ‘ಸಿ’ಯಿಂದ ಬರೆಯುತ್ತಾರೆ. ಈ ‘ಕೆ’ಯನ್ನು ಇಟ್ಟುಕೊಂಡಿರಿ, ಆಮೇಲೆ ಬೇಕಾಗುತ್ತದೆ.

ಇಡೀ ಬೈಬಲನ್ನು ಮುಗಿಸಿದವನು ವಿಲಿಯಂ ಮಾರ್ಗನ್. ಗುಡ್ಡಗಾಡಿನ ಒಕ್ಕಲಿನ ಮಗ, ಕೇಂಬ್ರಿಜ್‌ನಲ್ಲಿ ಓದಿ ಹೀಬ್ರೂ, ಗ್ರೀಕ್ ಕಲಿತು, 1578ರಲ್ಲಿ ಹ್ಲನ್‌ರೈಅಡರ್ ಎಂಬ ಹಳ್ಳಿಗೆ ಪಾದ್ರಿಯಾಗಿ ಬಂದ. (ಆ ಮೊದಲ ಅಕ್ಷರ ಹೇಳುವುದಕ್ಕೆ ನಾಲಿಗೆಯನ್ನು ‘ಲ’ ಅನ್ನುವ ಜಾಗದಲ್ಲಿಟ್ಟು ಉಸಿರು ಬಿಡಬೇಕು. ಸಭೆಯಲ್ಲಿ ಎಲ್ಲರೂ ಪ್ರಯತ್ನಿಸಿದರು, ಮುಂದಿನ ಸಾಲಿನವರು ಕರ್ಚೀಫು ತೆಗೆದರು.) ಇಷ್ಟು ಕೇಳಿದರೆ ಶಾಂತ ಮೂರ್ತಿಯೊಬ್ಬ ದೀಪದ ಬೆಳಕಿನಲ್ಲಿ ಅನುವಾದ ಮಾಡುತ್ತಾ ಕೂತ ಚಿತ್ರ ಬರುತ್ತದೆ. ಹಾಗೇನೂ ಇಲ್ಲ. ಊರಿನ ಪುಢಾರಿಯೊಬ್ಬನ ಜೊತೆ ಅವನಿಗೆ ವರ್ಷಗಟ್ಟಲೆ ವ್ಯಾಜ್ಯ. ವಿಷಯ ಲಂಡನ್ನಿನ ಸ್ಟಾರ್ ಚೇಂಬರ್ ನ್ಯಾಯಾಲಯದ ತನಕ ಹೋಯಿತು. ಪಾದ್ರಿ ನಿಲುವಂಗಿಯ ಕೆಳಗೆ ಪಿಸ್ತೂಲು ಇಟ್ಟುಕೊಂಡು ಚರ್ಚಿಗೆ ಬರುತ್ತಾನೆ ಎಂಬುದು ಎದುರು ಪಕ್ಷದ ದೂರು. ಅಂಥ ದಿನಗಳ ನಡುವೆಯೇ ಇಡೀ ಬೈಬಲ್ ಅನುವಾದವಾಯಿತು. ಅಚ್ಚಿನ ಕೆಲಸಕ್ಕೆ ವರ್ಷವಿಡೀ ಲಂಡನ್ನಿನಲ್ಲಿ ತಳವೂರಬೇಕಾಯಿತು. ಮೊಳೆ ಜೋಡಿಸುವವರಿಗೆ ವೆಲ್ಷ್‌ನ ಒಂದಕ್ಷರವೂ ಬಾರದು. ನಮ್ಮ ಊರಿನ ಮದುವೆ ಕಾಗದದಲ್ಲೇ ವರನ ಹೆಸರು ತಪ್ಪಾಗುತ್ತದೆ. ಇಡೀ ಬೈಬಲಿನ ಕರಡು ತಿದ್ದಿದವನ ಕಣ್ಣುಗಳ ಗತಿ ಏನಾಗಿರಬೇಕು!

1588ರಲ್ಲಿ ಪುಸ್ತಕ ಹೊರಬಂತು. ಮಾರ್ಗನ್ ಕೊನೆಗೆ ಬಿಷಪ್ ಆದ, 1604ರಲ್ಲಿ ಬಡವನಾಗಿಯೇ ಸತ್ತ. ಕೋರ್ಟಿನಿಂದ ಹೊರಹಾಕಿದ ಭಾಷೆಗೆ ಚರ್ಚಿನಲ್ಲಿ ವಾರವಾರವೂ ಗಟ್ಟಿಯಾಗಿ ಕೇಳಿಸುವ ಒಂದು ಗದ್ಯ ಸಿಕ್ಕಿತ್ತು. ಮುಂದೆ 1731ರಿಂದ ಗ್ರಿಫಿತ್ ಜೋನ್ಸ್ ಎಂಬ ಪಾದ್ರಿ ಅದೇ ಬೈಬಲನ್ನು ಅಕ್ಷರ ಕಲಿಸಲು ಬಳಸಿದ. ಹೊಲದ ಕೆಲಸ ಕಡಿಮೆ ಇರುವ ಚಳಿಗಾಲದಲ್ಲಿ ಮೂರು ತಿಂಗಳು ಒಂದೂರಿನಲ್ಲಿ ಶಾಲೆ, ಆಮೇಲೆ ಮೇಷ್ಟ್ರು ಮುಂದಿನ ಊರಿಗೆ. ಓದುವುದನ್ನು ಮಾತ್ರ ಕಲಿಸುವುದು, ಬರೆಯುವುದಿಲ್ಲ, ಲೆಕ್ಕವಂತೂ ಇಲ್ಲವೇ ಇಲ್ಲ, ಅದನ್ನು ಕ್ಷಮಿಸುತ್ತೇನೆ. ಅವನು ಸಾಯುವ ಹೊತ್ತಿಗೆ ಹೀಗೆ ನಡೆದ ಶಾಲೆಗಳು 3000ಕ್ಕೂ ಹೆಚ್ಚು. ರಷ್ಯಾದ ರಾಣಿ ಕ್ಯಾಥರೀನ್ ಈ ಶಾಲೆಗಳ ವರದಿ ತರಿಸಿಕೊಂಡಿದ್ದಳು.

ಓದು ಬರುತ್ತದೆ, ಬರೆಯಲು ಬರುವುದಿಲ್ಲ. ಆನ್ ಗ್ರಿಫಿತ್ಸ್ ಕತೆಗೆ ಈ ವ್ಯತ್ಯಾಸ ಬೇಕು. ಮಾರ್ಗನ್‌ನ ಹಳ್ಳಿಯಿಂದ ದೂರವೇನಿಲ್ಲದ ದೊಲ್ವಾರ್ ವಾಖ್ ಎಂಬ ಒಕ್ಕಲು ಮನೆ. ಅಲ್ಲಿ 1776ರಲ್ಲಿ ಹುಟ್ಟಿದಾಕೆ. ಹುಡುಗಿಯಾಗಿದ್ದಾಗ ಕುಣಿತವೆಂದರೆ ಪ್ರಾಣ. ಇಪ್ಪತ್ತರ ಹೊತ್ತಿಗೆ ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥದ ಭಕ್ತಿಯ ಅಲೆಗೆ ಸಿಕ್ಕಿದಳು. ಆಮೇಲೆ ಬಂದದ್ದು ಹಾಡುಗಳು. ಮನೆಗೆಲಸದ ನಡುವೆ ಹಾಡು ಕಟ್ಟುತ್ತಿದ್ದಳು, ಮನೆಯ ಕೆಲಸದ ಹುಡುಗಿ ರೂತ್ ಇವಾನ್ಸ್‌ಗೆ ಹೇಳಿ ತೋರಿಸುತ್ತಿದ್ದಳು. ರೂತ್‌ಗೆ ಬರೆಯಲು ಬಾರದು. ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದಳು.

1804ರ ಅಕ್ಟೋಬರಿನಲ್ಲಿ ಆನ್ ಮದುವೆಯಾಯಿತು. ಮುಂದಿನ ಜುಲೈನಲ್ಲಿ ಮಗು ಹುಟ್ಟಿ ಎರಡು ವಾರಕ್ಕೆ ತೀರಿಕೊಂಡಿತು. ಆಗಸ್ಟಿನಲ್ಲಿ ತಾಯಿಯೂ ಹೋದಳು, 29 ವರ್ಷ. ಅದೇ ವರ್ಷ ರೂತ್ ಮದುವೆಯಾದದ್ದು ಪಾಂಟ್‌ರೊಬರ್ಟ್‌ನ ಜಾನ್ ಹ್ಯೂಸ್ ಎಂಬ ಉಪದೇಶಿಯನ್ನು. ಅವನಿಗೆ ಬರೆಯಲು ಬರುತ್ತಿತ್ತು. ರೂತ್ ನೆನಪಿನಿಂದ ಹೇಳಿದಳು, ಜಾನ್ ಬರೆದುಕೊಂಡ, 1806ರಲ್ಲಿ ಅಚ್ಚಾಯಿತು. ಎಪ್ಪತ್ತು ಚಿಲ್ಲರೆ ಪದ್ಯಗಳು. ಆನ್‌ಳ ಸ್ವಂತ ಕೈಬರಹದಲ್ಲಿ ಉಳಿದಿರುವುದು ಒಂದು ಕಾಗದ, ಅದರ ಕೊನೆಯಲ್ಲಿ ಒಂದೇ ಒಂದು ಪದ್ಯ. ಮಿಕ್ಕದ್ದೆಲ್ಲ ಒಬ್ಬ ಕೆಲಸದಾಕೆಯ ಕಂಠದಿಂದ ಬಂದದ್ದು. ವೆಲ್ಷ್ ಕಾವ್ಯದ ಚರಿತ್ರೆ ಬರೆಯುವವರು ಆನ್‌ಗೆ ದೊಡ್ಡ ಪೀಠ ಹಾಕುತ್ತಾರೆ. ಪಕ್ಕದಲ್ಲಿ ರೂತ್‌ಗೂ ಒಂದು ಮಣೆ ಹಾಕಬೇಕೆಂದು ನನ್ನ ಅಭಿಪ್ರಾಯ.

ಇದೇ ದಿನಗಳಲ್ಲಿ ಅದೇ ಸೀಮೆಯಲ್ಲಿ ಇನ್ನೊಂದು ಮನೆಯಿತ್ತು, ಮನೆಯಲ್ಲ, ಕೋಟೆ. ವೆಲ್ಷ್‌ಪೂಲ್ ಊರಿನ ಪೊವಿಸ್ ಕೋಟೆ. ಅಲ್ಲಿನ ಮಗಳು ಹೆನ್ರಿಯೆಟ್ಟಾಳ ಗಂಡ ಎಡ್ವರ್ಡ್ ಕ್ಲೈವ್, ರಾಬರ್ಟ್ ಕ್ಲೈವನ ಮಗ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದವನು ಇವನೇ. ಮರುವರ್ಷ ಹೆನ್ರಿಯೆಟ್ಟಾ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಹೋದಳು. ಟಿಪ್ಪುವಿನ ಹೂಬಳ್ಳಿಯ ಚೀಟಿ ಬಟ್ಟೆಯ ಡೇರೆ, ಸಿಂಹಾಸನದ ಒಂದು ಚಿನ್ನದ ಹುಲಿತಲೆ ಈಗಲೂ ಆ ಕೋಟೆಯಲ್ಲಿವೆ. ಆ ಡೇರೆಯನ್ನು ಒಂದು ಕಾಲದಲ್ಲಿ ತೋಟದ ಪಾರ್ಟಿಗಳಿಗೆ ಹಾಕುತ್ತಿದ್ದರಂತೆ. ಕಾವೇರಿ ದಂಡೆಯ ಬಿಸಿಲಿಗೆ ಹೊಲಿದ ಬಟ್ಟೆ, ಆ ಮಳೆಯಲ್ಲಿ ಚಹಾ ಕುಡಿಯುವವರ ತಲೆಯ ಮೇಲೆ! ಆನ್ ಮನೆಯಿಂದ ಕೋಟೆಗೆ ಅರ್ಧ ದಿನದ ನಡಿಗೆ. ಆದರೆ ಕೋಟೆಯವರಿಗೆ ಆಕೆಯ ಭಾಷೆ ಬೇಕಾಗಿರಲಿಲ್ಲ.

ಈಗ ‘ಕೆ’ಯ ಸರದಿ. ಜಾನ್ ಮತ್ತು ರೂತ್ ಇದ್ದ ಹಳ್ಳಿಯ ಮಗ್ಗುಲಿನಲ್ಲಿ 1810ರಲ್ಲಿ ಬಡಗಿಯೊಬ್ಬನಿಗೆ ಮಗ ಹುಟ್ಟಿದ. ಹೆಸರು ಥಾಮಸ್ ಜೋನ್ಸ್, ಇನ್ನೇನಿರುತ್ತದೆ! ಮಿಷನರಿಯಾಗಿ 1841ರ ಜೂನ್ 22ರಂದು ಚಿರಾಪುಂಜಿ ಮುಟ್ಟಿದ. ಮಳೆಗಾಲದ ನಡುಮಧ್ಯೆ, ಚಿರಾಪುಂಜಿ. ಅಲ್ಲಿನ ಖಾಸಿ ಜನರ ಭಾಷೆಗೆ ಅದಕ್ಕೂ ಮುಂಚೆ ಬಂಗಾಳದ ಸೆರಾಂಪುರದ ಮಿಷನರಿಗಳು ಬಂಗಾಳಿ ಲಿಪಿ ತೊಡಿಸಿ ನೋಡಿದ್ದರು, ಅದು ನಿಂತಿರಲಿಲ್ಲ. ಜೋನ್ಸ್ ರೋಮನ್ ಅಕ್ಷರ ಹಿಡಿದ, ಅದೂ ತನ್ನೂರಿನ ಲೆಕ್ಕದಲ್ಲಿ. ಖಾಸಿ ವರ್ಣಮಾಲೆಯನ್ನು ತೆಗೆದು ನೋಡಿ. ‘ಜಿ’ ಆದ ಮೇಲೆ ‘ಎಂಗ್’ ಎಂಬ ಜೋಡಕ್ಷರ ಬರುತ್ತದೆ. ಇಂಗ್ಲಿಷಿನಲ್ಲಿ ಅದಿಲ್ಲ, ವೆಲ್ಷ್‌ನಲ್ಲಿ ಅದೇ ಜಾಗದಲ್ಲಿದೆ. ಇನ್ನು ‘ಎ’, ‘ಬಿ’ ಆದ ಮೇಲೆ ‘ಸಿ’ ಇಲ್ಲ. ಆ ಮೂರನೆಯ ಮಣೆಯ ಮೇಲೆ ಕೂತಿರುವುದು ‘ಕೆ’. ಲಂಡನ್ನಿನ ಅಚ್ಚುಮನೆಯಲ್ಲಿ ವೆಲ್ಷ್ ಕಳೆದುಕೊಂಡದ್ದು ಮುನ್ನೂರು ವರ್ಷದ ಹತ್ತಿರ ಹತ್ತಿರಕ್ಕೆ ಮೇಘಾಲಯದ ಗುಡ್ಡದಲ್ಲಿ ಸಿಕ್ಕಿದಂತಾಯಿತು. ಜೋನ್ಸ್ ಇದನ್ನು ಯೋಚಿಸಿ ಮಾಡಿದ ಎಂದು ನಾನು ಹೇಳುತ್ತಿಲ್ಲ. ಗಣಿತದವನಿಗೆ ಇಂಥ ಸಮೀಕರಣ ಕಂಡರೆ ಸುಮ್ಮನಿರಲಾಗುವುದಿಲ್ಲ, ಅಷ್ಟೆ.

ಅವನ ಬದುಕು ಸುಖದ್ದಲ್ಲ. ಹೆಂಡತಿ ಆನ್ ಚಿರಾಪುಂಜಿಯಲ್ಲೇ ತೀರಿಕೊಂಡಳು. ಆ ಬೆಟ್ಟಗಳ ವ್ಯಾಪಾರವನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ ಹ್ಯಾರಿ ಇಂಗ್ಲಿಸ್ ಎಂಬ ವರ್ತಕ ಖಾಸಿಗಳನ್ನು ಹಿಂಡುತ್ತಿದ್ದಾನೆ ಎಂದು ಜೋನ್ಸ್ ಎದುರು ನಿಂತ. 1847ರಲ್ಲಿ ಮಿಷನ್ನಿನಿಂದ ಹೊರಬಿದ್ದ. ಇಂಗ್ಲಿಸ್ ಬೆನ್ನು ಬಿಡಲಿಲ್ಲ. ಓಡಾಟದಲ್ಲಿ ಜ್ವರ ಹತ್ತಿ 1849ರಲ್ಲಿ ಕಲ್ಕತ್ತೆಯಲ್ಲಿ ಸತ್ತ, ಅಲ್ಲಿನ ಸ್ಕಾಟಿಷ್ ಸ್ಮಶಾನದಲ್ಲಿ ಮಣ್ಣಾದ. ಜೂನ್ 22 ಈಗ ಮೇಘಾಲಯದಲ್ಲಿ ಅವನ ಹೆಸರಿನ ದಿನ.

ಅವನು ಚಿರಾಪುಂಜಿಯಲ್ಲಿ ಖಾಸಿ ಮಕ್ಕಳಿಗೆ ಅವರ ಭಾಷೆಯಲ್ಲೇ ಪಾಠ ಕಟ್ಟಿದ್ದ. ಅವನು ಮಿಷನ್ನಿನಿಂದ ಹೊರಬಿದ್ದ 1847ರಲ್ಲೇ ಅವನ ನಾಡಿನಲ್ಲಿ ಏನಾಯಿತು? ಶಾಲೆಗಳನ್ನು ತನಿಖೆ ಮಾಡಿದ ಮೂವರು ಅಧಿಕಾರಿಗಳ ವರದಿ ಬಂತು. ಮೂವರಿಗೂ ವೆಲ್ಷ್ ಬಾರದು. ಜನ ಹಿಂದುಳಿದಿರುವುದಕ್ಕೆ ಅವರ ಭಾಷೆಯೇ ಕಾರಣ ಎಂದು ಬರೆದರು. ನೀಲಿ ರಟ್ಟಿನ ಆ ಸಂಪುಟಗಳನ್ನು ವೆಲ್ಷ್ ಜನ ಇವತ್ತಿಗೂ ‘ನೀಲಿ ಪುಸ್ತಕಗಳ ದ್ರೋಹ’ ಎನ್ನುತ್ತಾರೆ. ಕೆಲವು ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಮರದ ತುಂಡು ನೇತುಹಾಕುತ್ತಿದ್ದರು. ಇನ್ನೊಂದು ಮಗು ವೆಲ್ಷ್ ಆಡಿ ಸಿಕ್ಕಿಬಿದ್ದರೆ ತುಂಡು ಅದರ ಕೊರಳಿಗೆ. ಸಂಜೆ ಗಂಟೆ ಹೊಡೆದಾಗ ಯಾರ ಕೊರಳಲ್ಲಿದೆಯೋ ಅವರಿಗೆ ಬೆತ್ತ. ನಗಬೇಡಿ. ಕನ್ನಡ ಮಾತಾಡಿದರೆ ದಂಡ ಹಾಕುತ್ತಿದ್ದ ಶಾಲೆಯೊಂದನ್ನು ನಾನೇ ನೋಡಿದ್ದೇನೆ. ಹೆಸರು ಬೇಡ.

ಕುರಿ ಕಾಯುತ್ತಿದ್ದ ಕವಿಯೊಬ್ಬನನ್ನು ಹೇಳದೆ ಮುಂದೆ ಹೋದರೆ ತಪ್ಪಾದೀತು. ಎಲಿಸ್ ಇವಾನ್ಸ್, ಕಾವ್ಯನಾಮ ಹೆದ್ ವಿನ್, ಟ್ರಾಸ್‌ವನಿತ್‌ನ ರೈತನ ಮಗ. ವೆಲ್ಷ್ ಜನರ ವಾರ್ಷಿಕ ಸಾಹಿತ್ಯ ಜಾತ್ರೆಯಾದ ಐಸ್ತೆದ್‌ವೊಡ್‌ನಲ್ಲಿ ಗೆದ್ದ ಕವಿಯನ್ನು ಕುರ್ಚಿಯಲ್ಲಿ ಕೂರಿಸುತ್ತಾರೆ. 1917ರ ಸೆಪ್ಟೆಂಬರಿನಲ್ಲಿ ಗೆದ್ದವನ ಗುಪ್ತನಾಮ ಕೂಗಿದರು, ಯಾರೂ ಎದ್ದು ನಿಲ್ಲಲಿಲ್ಲ. ಅವನು ಜುಲೈ 31ರಂದೇ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಬಿದ್ದಿದ್ದ. ಖಾಲಿ ಕುರ್ಚಿಗೆ ಕಪ್ಪು ಬಟ್ಟೆ ಹೊದಿಸಿದರು. ಆ ಕುರ್ಚಿಯನ್ನು ಕೆತ್ತಿದವನು ಯುದ್ಧದಿಂದ ಓಡಿಬಂದಿದ್ದ ಬೆಲ್ಜಿಯಂನ ನಿರಾಶ್ರಿತ. ಕುರ್ಚಿ ಈಗಲೂ ಎಲಿಸ್‌ನ ಮನೆಯಲ್ಲಿದೆ.

ಇನ್ನು ಕೊನೆಯ ಕತೆ. ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಇದೇ.

1962ರ ಫೆಬ್ರವರಿಯಲ್ಲಿ ಸಾಂಡರ್ಸ್ ಲೂಯಿಸ್ ಎಂಬ ನಾಟಕಕಾರ ರೇಡಿಯೊದಲ್ಲಿ ಒಂದು ಉಪನ್ಯಾಸ ಕೊಟ್ಟರು. ಹೀಗೇ ಬಿಟ್ಟರೆ ಇಪ್ಪತ್ತೊಂದನೆಯ ಶತಮಾನ ಶುರುವಾಗುವ ಹೊತ್ತಿಗೆ ವೆಲ್ಷ್ ಭಾಷೆ ಸತ್ತುಹೋಗುತ್ತದೆ ಎಂಬುದು ಅದರ ಸಾರ. ಆಗ 68 ವರ್ಷದ ಮನುಷ್ಯ, ಯೌವನದಲ್ಲಿ ಜೈಲು ಕಂಡವರೂ ಅಲ್ಲ, 40 ದಾಟಿದ ಮೇಲೆ ಜೈಲು ಕಂಡವರು. ವಾಯುಪಡೆಯ ತರಬೇತಿ ನೆಲೆಗೆ ಗೆಳೆಯರ ಜೊತೆ ಬೆಂಕಿ ಹಚ್ಚಿ, ತಾವೇ ಪೊಲೀಸರಿಗೆ ಹೋಗಿ ಹೇಳಿದವರು. ಅಂಥವರು ಆ ರೇಡಿಯೊ ಮಾತಿನಲ್ಲಿ ಮಾದರಿಯೆಂದು ತೋರಿಸಿದ್ದು ಯಾವ ವೀರನನ್ನೂ ಅಲ್ಲ, ಒಂದು ಸಂಸಾರವನ್ನು.

ಹ್ಲನ್‌ಗೆನೆಖ್ ಎಂಬ ಊರಿನ ಟ್ರೆವರ್ ಮತ್ತು ಎಲೀನ್ ಬೀಸ್ಲಿ. ಗಂಡ ಕಲ್ಲಿದ್ದಲ ಗಣಿಯ ಕೆಲಸಗಾರ, ಹೆಂಡತಿ ಟೀಚರು. 1952ರಲ್ಲಿ ಮನೆ ಕಂದಾಯದ ನೋಟೀಸು ಬಂತು, ಇಂಗ್ಲಿಷಿನಲ್ಲಿ. ವೆಲ್ಷ್‌ನಲ್ಲಿ ಕಳಿಸಿ, ಕಟ್ಟುತ್ತೇವೆ ಎಂದು ಬರೆದರು. ಅಷ್ಟೇ. ಕಟ್ಟುವುದಿಲ್ಲ ಅನ್ನಲಿಲ್ಲ. ಆ ಕಂದಾಯ ವಸೂಲಿಯ ಸೀಮೆಯಲ್ಲಿ ಬಹುಪಾಲು ಜನರ ಮಾತು ವೆಲ್ಷ್, ಕೌನ್ಸಿಲಿನ ಸದಸ್ಯರ ಮಾತೂ ವೆಲ್ಷ್. ನೋಟೀಸು ಮಾತ್ರ ಇಂಗ್ಲಿಷ್. ಈ ರೋಗ ನಿಮಗೂ ಗೊತ್ತಿರುವಂಥದ್ದೇ. ನಾನು ಪಿಂಚಣಿ ತೆಗೆಯಲು ಹೋದ ಕಡೆ ಚಲನ್ನಿನ ಕನ್ನಡ ಪ್ರತಿ ಕೇಳಿದಾಗ ಕೌಂಟರಿನ ಹುಡುಗ ನನ್ನ ಕನ್ನಡಕವನ್ನೇ ನೋಡಿದ.

ಬೀಸ್ಲಿಗಳನ್ನು ಕೋರ್ಟಿಗೆ ಎಳೆದರು, ಒಂದಲ್ಲ ಎರಡಲ್ಲ, ಹನ್ನೆರಡಕ್ಕೂ ಹೆಚ್ಚು ಸಲ. ಜಪ್ತಿಯವರು ಮನೆಗೆ ಬಂದು ಸಾಮಾನು ಹೊತ್ತುಕೊಂಡು ಹೋದರು. ಮತ್ತೆ ಬಂದರು, ಮತ್ತೆ ಹೊತ್ತರು. ಪಿಯಾನೊ ಹೋಯಿತು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರು. ಇಷ್ಟಕ್ಕೂ ಗಲಾಟೆಯಿಲ್ಲ, ಮೆರವಣಿಗೆಯಿಲ್ಲ, ಘೋಷಣೆಯಿಲ್ಲ. ಪ್ರತಿ ಸಲವೂ ಅದೇ ಒಂದು ಉತ್ತರ: ವೆಲ್ಷ್‌ನಲ್ಲಿ ಕಳಿಸಿ.

ಎಂಟು ವರ್ಷ ಹೀಗೇ ನಡೆಯಿತು. 1960ರಲ್ಲಿ ಕೌನ್ಸಿಲಿನಿಂದ ಒಂದು ನೋಟೀಸು ಬಂತು. ಒಂದು ಕಡೆ ಇಂಗ್ಲಿಷ್, ಜೊತೆಗೇ ವೆಲ್ಷ್.